ಎಮ್ಮೆದೊಡ್ಡಿಯ ‘ದೊಡ್ಡಿ’

ಕಡೂರು ಸೀಮೆಯ ಎಮ್ಮೆದೊಡ್ಡಿಯ ಹೆಸರಿನಲ್ಲಿ ಹೊಸಬರಿಗೆ ‘ದೊಡ್ಡ’ ಕೇಳಿಸಬಹುದು. ಆದರೆ ದೊಡ್ಡಿ ಎಂದರೆ ದನಕರು ಕೂಡುವ ಆವರಣ. ಅಕ್ಷರ ಹತ್ತಿರ, ಅರ್ಥ ದೂರ.

ಇಂಗ್ಲಿಷಿನ ‘ಪೌಂಡ್’ ಕೂಡ ಹೀಗೆಯೇ. ತೂಕದ, ಹಣದ ಪೌಂಡ್ ಲ್ಯಾಟಿನ್ ಮೂಲದ್ದು. ದನ ಕೂಡುವ ಪೌಂಡ್ ಬೇರೆಯೇ ಪದ. 1871ರ ಜಾನುವಾರು ಅತಿಕ್ರಮ ಕಾಯ್ದೆಯಲ್ಲಿರುವುದು ಈ ಎರಡನೆಯದು. ಕನ್ನಡ ಅದನ್ನೂ ದೊಡ್ಡಿ ಎಂದೇ ಕರೆಯಿತು. ಕೊಟ್ಟಿಗೆಯ ನಂಟಿನ ಮಾತಿಗೆ ದಂಡದ ಅರ್ಥವೂ ಅಂಟಿತು: ಬೆಳೆ ಮೇಯ್ದ ದನವನ್ನು ದುಡ್ಡು ಕಟ್ಟಿಯೇ ಬಿಡಿಸಿಕೊಳ್ಳಬೇಕು.

ಈ ಸೀಮೆ ಅಮೃತಮಹಲ್ ಕಾವಲುಗಳದು. ಅಜ್ಜಂಪುರದಲ್ಲಿ ಆ ತಳಿಯ ಸಂವರ್ಧನ ಕೇಂದ್ರವಿದೆ. ಇಂಥ ನೆಲದಲ್ಲಿ ಊರ ಹೆಸರೂ ದನಗಾಹಿ ಬದುಕಿನ ದಾಖಲೆ. ದೊಡ್ಡಿಯನ್ನು ‘ದೊಡ್ಡ’ ಎಂದು ಓದಿದರೆ ಆ ದಾಖಲೆಯೇ ಅಳಿಸಿಹೋಗುತ್ತದೆ.