ನಡುರಾತ್ರಿಯ ಪರೀಕ್ಷಕರು

ಚಲನಚಿತ್ರದ ಯೋಗ್ಯತೆಯನ್ನು ನಿರ್ಧರಿಸುವವರು ವಿಮರ್ಶಕರೋ, ಟಿಕೆಟ್ ಕೊಂಡವರೋ? 1971ರ ಹಾಂಗ್‌ಕಾಂಗ್ ಇದಕ್ಕೊಂದು ಉತ್ತರವನ್ನಿತ್ತಿತು.

ಅಲ್ಲಿ ಹೊಸ ಚಿತ್ರಗಳನ್ನು ಮೊದಲು ನಡುರಾತ್ರಿಯ ಪ್ರದರ್ಶನದಲ್ಲಿ ತೋರಿಸುವ ರೂಢಿಯಿತ್ತು. ಹಿಡಿಸದಿದ್ದರೆ ಪ್ರೇಕ್ಷಕರು ಕುಳಿತಲ್ಲಿಂದಲೇ ಕೂಗಿ ಬೈಯುತ್ತಿದ್ದರು. ಅದನ್ನು ಕೇಳಿ ನಿರ್ದೇಶಕರು ಚಿತ್ರಕ್ಕೆ ಕತ್ತರಿ ಹಾಕುವುದೂ ಇತ್ತು. ಆ ವರ್ಷದ ಅಕ್ಟೋಬರಿನಲ್ಲಿ ‘ದಿ ಬಿಗ್ ಬಾಸ್’ ಈ ಪರೀಕ್ಷೆಗೆ ಕುಳಿತಿತು. ಬಂಡವಾಳ ಸುಮಾರು 1 ಲಕ್ಷ ಅಮೆರಿಕನ್ ಡಾಲರ್ ಮಾತ್ರ. ಚಿತ್ರೀಕರಣ ನಡೆದದ್ದು ಥಾಯ್ಲೆಂಡಿನ ಪಾಕ್ ಚೊಂಗ್ ಎಂಬ ಸಣ್ಣ ಊರಿನಲ್ಲಿ. ಮಂಜುಗಡ್ಡೆ ಕಾರ್ಖಾನೆಯ ಮಾಲೀಕನು ಗಡ್ಡೆಗಳೊಳಗೆ ಮಾದಕವಸ್ತುವನ್ನಡಗಿಸಿ ಸಾಗಿಸುತ್ತಾನೆ; ಗುಟ್ಟರಿತ ಕೂಲಿಗಳು ಕಾಣೆಯಾಗುತ್ತಾರೆ. ಹೊಡೆದಾಡುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟು ದುಡಿಯಲು ಬಂದ ವಲಸಿಗ ಬ್ರೂಸ್ ಲೀ ಬಹಳ ಹೊತ್ತು ಕೈಕಟ್ಟಿಯೇ ನಿಲ್ಲುತ್ತಾನೆ.

ಅಂದು ಚಿತ್ರಮಂದಿರದಲ್ಲಿ ಚಪ್ಪಾಳೆ ಮೊಳಗಿತು. ಹಾಂಗ್‌ಕಾಂಗ್ ಒಂದರಲ್ಲೇ 30 ಲಕ್ಷ ಹಾಂಗ್‌ಕಾಂಗ್ ಡಾಲರಿಗೂ ಮಿಕ್ಕಿ ಗಳಿಸಿದ ಚಿತ್ರವು ‘ದಿ ಸೌಂಡ್ ಆಫ್ ಮ್ಯೂಸಿಕ್’ನ ದಾಖಲೆಯನ್ನು ಮುರಿಯಿತು.

ಕಥೆ ಸಾಧಾರಣ, ರಕ್ತಪಾತ ಅತಿ ಎಂಬ ಆಕ್ಷೇಪಗಳು ಸುಳ್ಳಲ್ಲ. ಆದರೆ ಸಹಿಸಿ ಸಹಿಸಿ ಕೊನೆಗೆ ಎದ್ದು ನಿಂತ ಕೂಲಿಯಲ್ಲಿ ಆ ಜನರು ತಮ್ಮನ್ನೇ ಕಂಡರೆಂಬುದು ನನ್ನ ಎಣಿಕೆ. ಚರಿತ್ರೆಯನ್ನು ಓದುವವರು ಅಂಥ ಚಪ್ಪಾಳೆಯನ್ನೂ ಶಾಸನದಂತೆಯೇ ಓದಬೇಕು.