ಪ್ರಯೋಗಶಾಲಾ ತಂತ್ರಜ್ಞರ ಅರ್ಹತಾ ಪ್ರಮಾಣೀಕರಣ

ರಕ್ತ, ಮೂತ್ರ, ಕಫ ಮುಂತಾದ ಮಾದರಿಗಳನ್ನು ಪರೀಕ್ಷಿಸಲು ಒಬ್ಬ ವ್ಯಕ್ತಿ ತಕ್ಕವನೆಂದು ಅಧಿಕೃತ ಸಂಸ್ಥೆಯೊಂದು ಬರೆದುಕೊಡುವ ವ್ಯವಸ್ಥೆ. ಸರ್ಕಾರಿ ಕಡತಗಳಲ್ಲಿ ಈ ವೃತ್ತಿಯವರು ‘ಪ್ರಯೋಗಶಾಲಾ ತಂತ್ರಜ್ಞರು’. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕಡೆಯವರ ಬಾಯಲ್ಲಿ ‘ಲ್ಯಾಬ್‌ನವರು’, ಇಲ್ಲವೆ ‘ರಕ್ತ ತಗೊಳ್ಳೋರು’. ಈ ಕೊನೆಯ ಹೆಸರು ಅರ್ಧ ಮಾತ್ರ ನಿಜ. ರಕ್ತ ತೆಗೆಯುವುದು ಎರಡು ನಿಮಿಷದ ಕೆಲಸ, ಕಸುಬು ಶುರುವಾಗುವುದು ಆಮೇಲೆ.

ಲ್ಯಾಬಿನ ಗೋಡೆಯ ಮೇಲೆ ಕಟ್ಟು ಹಾಕಿಸಿ ತೂಗಿಬಿಟ್ಟ ಪ್ರಮಾಣಪತ್ರ ಕಂಡರೆ ರೋಗಿಗೆ ಧೈರ್ಯ. ಆದರೆ ಆ ಕಾಗದ ಬಹುಮಟ್ಟಿಗೆ ಕಟ್ಟಡದ್ದು, ಒಳಗೆ ಕೆಲಸ ಮಾಡುವವರದ್ದಲ್ಲ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರ ಪ್ರಕಾರ ಖಾಸಗಿ ಲ್ಯಾಬುಗಳು ಜಿಲ್ಲಾ ಪ್ರಾಧಿಕಾರದಲ್ಲಿ ನೋಂದಣಿ ಮಾಡಿಸಿಕೊಳ್ಳಬೇಕು. ಗುಣಮಟ್ಟದ ಮಾನ್ಯತೆ ಬೇರೆಯದೇ ವಿಷಯ. ಅದನ್ನು ಐಎಸ್‌ಒ 15189 ಎಂಬ ಅಂತರರಾಷ್ಟ್ರೀಯ ಮಾನದಂಡದ ಮೇಲೆ ಎನ್‌ಎಬಿಎಲ್ ಎಂಬ ಮಾನ್ಯತಾ ಮಂಡಳಿ ಕೊಡುತ್ತದೆ, ಅದೂ ಕೇಳಿಕೊಂಡು ಬಂದ ಲ್ಯಾಬಿಗೆ. ವ್ಯಕ್ತಿಯ ಅರ್ಹತೆಗೆ ನಮ್ಮಲ್ಲಿ ಬಹುಕಾಲ ಇದ್ದದ್ದು ಓದು ಮುಗಿಸಿದಾಗ ಸಿಗುವ ಡಿಪ್ಲೊಮಾ ಅಥವಾ ಪದವಿಪತ್ರ ಒಂದೇ.

ಡಿಪ್ಲೊಮಾ, ಅಂದರೆ ಡಿಎಂಎಲ್‌ಟಿ, ಕರ್ನಾಟಕ ಅರೆವೈದ್ಯಕೀಯ ಮಂಡಳಿಯದು. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಮೂರು ವರ್ಷ, ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಎರಡು. ಬಿಎಸ್ಸಿ ಪದವಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ್ದು. ಬಳ್ಳಾರಿಯಲ್ಲಿ ವೈದ್ಯಕೀಯ ಕಾಲೇಜು 1961ರಿಂದಲೂ ಇದೆ. ಹೆಸರು ಈಚೆಗೆ ಬದಲಾದರೂ ಊರಿನವರಿಗೆ ಅದು ಇಂದಿಗೂ ವಿಮ್ಸ್. ಸಂವಿಧಾನದ 371ಜೆ ವಿಧಿಯಿಂದಾಗಿ ಬಳ್ಳಾರಿ ಸೇರಿದ ಕಲ್ಯಾಣ ಕರ್ನಾಟಕದ ಸ್ಥಳೀಯರಿಗೆ ಸೀಟಿನಲ್ಲೂ ಸರ್ಕಾರಿ ನೌಕರಿಯಲ್ಲೂ ಮೀಸಲಾತಿ ಉಂಟು.

ವರದಿಗೆ ಸಹಿ ಹಾಕುವ ಅಧಿಕಾರ ಯಾರದೆಂಬ ಜಗಳ ಹಳೆಯದು. ಸ್ನಾತಕೋತ್ತರ ಪದವಿಯಿರುವ ನೋಂದಾಯಿತ ಪೆಥಾಲಜಿ ವೈದ್ಯರೇ ಸಹಿ ಮಾಡಬೇಕೆಂಬ ನಿಲುವನ್ನು ಸುಪ್ರೀಂ ಕೋರ್ಟ್ 2017ರ ಡಿಸೆಂಬರಿನಲ್ಲಿ ಎತ್ತಿಹಿಡಿಯಿತು. ಸಣ್ಣ ಊರಿನಲ್ಲಿ ತಂತ್ರಜ್ಞರೇ ನಡೆಸುವ ಲ್ಯಾಬಿಗೆ ಇದು ಬಿಸಿತುಪ್ಪ.

ಕೇಂದ್ರದ 2021ರ ಸಹವೈದ್ಯಕೀಯ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಈ ವೃತ್ತಿಗೆ ಮೊದಲ ಬಾರಿಗೆ ರಾಷ್ಟ್ರಮಟ್ಟದ ಚೌಕಟ್ಟು ಹಾಕಿತು. ಅದರಂತೆ ಸಹವೈದ್ಯಕೀಯ ವೃತ್ತಿಯವರ ಕಲಿಕೆ ಎರಡರಿಂದ ನಾಲ್ಕು ವರ್ಷಗಳಲ್ಲಿ ಕನಿಷ್ಠ 2000 ಗಂಟೆ ಇರಬೇಕು, ರಾಜ್ಯ ಪರಿಷತ್ತಿನ ನೋಂದಣಿ ಪಟ್ಟಿಯಲ್ಲಿ ಹೆಸರಿರಬೇಕು. ಬೇರೆ ದೇಶಗಳಲ್ಲಿ ಒಮ್ಮೆ ಪಾಸಾದರೆ ಮುಗಿಯಲಿಲ್ಲ. ಅಮೆರಿಕದ ಎಎಸ್‌ಸಿಪಿ ಪ್ರಮಾಣಪತ್ರವನ್ನು ಮೂರು ವರ್ಷಕ್ಕೊಮ್ಮೆ, ಬ್ರಿಟನ್ನಿನ ನೋಂದಣಿಯನ್ನು ಎರಡು ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬೇಕು. ಗಲ್ಫ್‌ಗೆ ಹೊರಟವರು ಮೊದಲು ಅಂಕಪಟ್ಟಿಗಳ ಸಾಚಾತನದ ಪರಿಶೀಲನೆ ದಾಟಬೇಕು, ಲೈಸೆನ್ಸಿನ ಪರೀಕ್ಷೆಯನ್ನೂ ಬರೆಯಬೇಕಾಗುತ್ತದೆ.

ಇಷ್ಟೆಲ್ಲ ಯಾಕೆ ಬೇಕೆಂದು ತಿಳಿಯಲು ಒಂದು ರಕ್ತದ ಟ್ಯೂಬಿನ ಹಿಂದೆ ಹೋದರೆ ಸಾಕು. ಕುರುಗೋಡಿನಿಂದ ಬಳ್ಳಾರಿಗೆ ಸುಮಾರು 30 ಕಿ.ಮೀ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೆಗೆದ ರಕ್ತ ಫ್ಲೋರೈಡ್ ಇರುವ ಬೂದು ಮುಚ್ಚಳದ ಟ್ಯೂಬಿಗೆ ಹೋಗುವ ಬದಲು ಸಾದಾ ಟ್ಯೂಬಿಗೆ ಬಿತ್ತೆನ್ನಿ. ಟ್ಯೂಬಿನೊಳಗೂ ರಕ್ತಕಣಗಳಿಗೆ ಹಸಿವು ಇದ್ದೇ ಇದೆ. ಗಂಟೆಗೆ ನೂರಕ್ಕೆ ಐದರಿಂದ ಏಳರಷ್ಟು ಸಕ್ಕರೆಯನ್ನು ಅವು ತಿಂದುಹಾಕುತ್ತವೆ, ಬಳ್ಳಾರಿಯ ಬಿಸಿಲಿನಲ್ಲಿ ಇನ್ನೂ ಬೇಗ. ಬಸ್ಸು ಹಿಡಿದು, ಸರದಿ ಕಾದು, ಎರಡು ಗಂಟೆ ಕಳೆಯುವಷ್ಟರಲ್ಲಿ 126 ಇದ್ದದ್ದು 112ರ ಆಸುಪಾಸಿಗೆ ಇಳಿದಿರುತ್ತದೆ. 126 ಮಧುಮೇಹದ ಗಡಿ, 112 ಅದರ ಈಚೆಗೆ. ಯಂತ್ರ ಸುಳ್ಳು ಹೇಳಿಲ್ಲ, ವೈದ್ಯರ ಸಹಿಯೂ ಸರಿಯಾಗಿದೆ, ಆದರೂ ವರದಿ ತಪ್ಪು. ಹಾಗೆಯೇ ಸಿರಿಂಜನ್ನು ಜೋರಾಗಿ ಎಳೆದು ಕಣ ಒಡೆದರೆ ಪೊಟ್ಯಾಸಿಯಂ ಇಲ್ಲದ ಏರಿಕೆ ತೋರಿಸುತ್ತದೆ. ಡಿಪ್ಲೊಮಾದ ಪ್ರಶ್ನೆಪತ್ರಿಕೆಯಲ್ಲಿ ಇವೆರಡಕ್ಕೂ ಉತ್ತರ ಬರೆದವರೇ ಕೆಲಸದ ಅವಸರದಲ್ಲಿ ಮರೆಯುವುದುಂಟು.

ಆದ್ದರಿಂದ ಕೆಲಸದ ಮೇಲಿರುವವರನ್ನು ಮತ್ತೆ ಮತ್ತೆ ಅಳೆಯುವ ಏರ್ಪಾಡುಗಳಿಗೆ ಬೆಲೆ ಹೆಚ್ಚು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ನಡೆಸುವ ಯೋಜನೆಯಲ್ಲಿ, ಉತ್ತರ ಗೊತ್ತಿಲ್ಲದ ಮಾದರಿಯನ್ನು ಪರೀಕ್ಷಿಸಿ ಕಳಿಸಿದ ಫಲಿತಾಂಶವನ್ನು ಬೇರೆ ಲ್ಯಾಬುಗಳ ಫಲಿತಾಂಶದ ಜೊತೆ ಹೋಲಿಸಲಾಗುತ್ತದೆ. ಮಲೇರಿಯಾ ಸ್ಲೈಡು ಓದುವವರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಪರೀಕ್ಷೆಯಿದೆ. ಅದರಲ್ಲಿ ಮೊದಲ ದರ್ಜೆ ಸಿಗಬೇಕಾದರೆ ಪರಾವಲಂಬಿ ಇದೆಯೇ ಇಲ್ಲವೇ ಎಂಬುದನ್ನೂ ಅದು ಯಾವ ಜಾತಿಯದೆಂಬುದನ್ನೂ ನೂರಕ್ಕೆ ತೊಂಬತ್ತರಷ್ಟು ಸರಿ ಹೇಳಬೇಕು. ಎಣಿಕೆಯಲ್ಲಿ ಮಾತ್ರ ಅರ್ಧದಷ್ಟು ಸ್ಲೈಡು ನಿಜದ ಸಂಖ್ಯೆಗೆ ಹತ್ತಿರ ಬಂದರೆ ಸಾಕು. ಎಣಿಸುವುದು ಎಷ್ಟು ಕಷ್ಟವೆಂದು ಈ ರಿಯಾಯಿತಿಯೇ ಹೇಳುತ್ತದೆ.

ಸರ್ಕಾರಿ ಆಸ್ಪತ್ರೆಗಳ ಮಟ್ಟಿಗೆ ಈ ಕೆಲಸವನ್ನು ಚೊಕ್ಕವಾಗಿ ಮಾಡಿದ್ದು ಕ್ಷಯರೋಗ ಕಾರ್ಯಕ್ರಮ. 1959ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದರ ತರಬೇತಿಯ ಮನೆಗಳಲ್ಲೊಂದು. ಕಫವನ್ನು ಸ್ಲೈಡಿಗೆ ಸವರಿ ಒಣಗಿಸಿ ಕಾರ್ಬಾಲ್ ಫ್ಯೂಕ್ಸಿನ್ ಸುರಿಯುತ್ತಾರೆ. ಕೆಳಗಿನಿಂದ ಬಿಸಿ ಮಾಡಿದಾಗ ಹಬೆ ಏಳಬೇಕು, ಕುದಿಯಕೂಡದು. ಐದು ನಿಮಿಷದ ನಂತರ ನೂರಕ್ಕೆ 25ರ ಸಲ್ಫ್ಯೂರಿಕ್ ಆಮ್ಲ, ಕೊನೆಗೆ ಮೆಥಿಲೀನ್ ಬ್ಲೂ. ನೀಲಿ ಹಿನ್ನೆಲೆಯಲ್ಲಿ ಕೆಂಪು ಕಡ್ಡಿಗಳು ಕಂಡರೆ ಅವೇ ಕ್ಷಯದ ಬ್ಯಾಸಿಲಸ್‌ಗಳು. ನೂರು ಕ್ಷೇತ್ರ ನೋಡಿದಾಗ ಒಂದರಿಂದ ಒಂಬತ್ತು ಸಿಕ್ಕರೆ ಎಣಿಕೆಯನ್ನೇ ಬರೆಯಬೇಕು, ಹತ್ತರಿಂದ 99 ಆದರೆ 1+. ಈಗ ಮೊದಲ ಪತ್ತೆಯ ಕೆಲಸ ಹೆಚ್ಚುಹೆಚ್ಚಾಗಿ ಟ್ರೂನ್ಯಾಟ್‌ನಂಥ ಯಂತ್ರಗಳ ಪಾಲಾಗುತ್ತಿದೆ. ಆದರೂ ಚಿಕಿತ್ಸೆಯ ನಡುವೆ ರೋಗಿಯ ಕಫ ನೋಡಲು ಸೂಕ್ಷ್ಮದರ್ಶಕ ಬಿಟ್ಟಿಲ್ಲ.

ಓದಿ ಮುಗಿದ ಸ್ಲೈಡನ್ನು ಎಸೆಯುವಂತಿಲ್ಲ, ಕ್ರಮಸಂಖ್ಯೆಯಂತೆ ಪೆಟ್ಟಿಗೆಯಲ್ಲಿ ಜೋಡಿಸಿಡಬೇಕು. ಸ್ಲೈಡಿನ ಮೇಲೆ ಫಲಿತಾಂಶ ಬರೆಯುವ ಹಾಗಿಲ್ಲ. ಮೇಲ್ವಿಚಾರಕರು ಬಂದಾಗ ಕೆಲವನ್ನು ಆರಿಸಿ ಒಯ್ಯುತ್ತಾರೆ, ಮೊದಲು ಏನು ಬರೆದಿದ್ದರೆಂದು ತಿಳಿಯದ ಇನ್ನೊಬ್ಬರು ಅವನ್ನು ಮರು ಓದುತ್ತಾರೆ. 1+ ಅನ್ನು 3+ ಎಂದಿದ್ದರೆ ಸಣ್ಣ ತಪ್ಪು. ತುಂಬಿ ತುಳುಕುವ ಸ್ಲೈಡನ್ನು ‘ಇಲ್ಲ’ ಎಂದಿದ್ದರೆ ದೊಡ್ಡದು. ದೊಡ್ಡ ತಪ್ಪು ಸಿಕ್ಕಾಗ ತಂತ್ರಜ್ಞರನ್ನು ಬೈದರೆ ಸಾಲದು. ಬಣ್ಣದ ಬಾಟಲಿ ಹಳೆಯದೇ, ಲೆನ್ಸಿಗೆ ಬೂಷ್ಟು ಹಿಡಿದಿದೆಯೇ, ದಿನಕ್ಕೆ ಎಷ್ಟು ಸ್ಲೈಡು ಅವರ ತಲೆಗೆ ಬೀಳುತ್ತಿದೆ ಎಂಬುದನ್ನೂ ನೋಡಬೇಕು.