ನಿಜಾಮರ ರಿಜಿಸ್ಟರು, ನಮ್ಮ ಪೊಲೀಸ್ ಕಾಯ್ದೆ

ಸಲಿಂಗಿಗಳ ಹಕ್ಕು ಅಂದ ಕೂಡಲೇ ಬರುವ ಮಾತು ಒಂದೇ: ಇದು ಬೆಂಗಳೂರಿನವರ ಹುಚ್ಚು, ನಮ್ಮ ಕಡೆ ಇದೆಲ್ಲ ಇಲ್ಲ. ಸರಿ, ಬೆಂಗಳೂರು ಬಿಡಿ. ಆಳಂದ ತಾಲೂಕಿನ ನರೋಣಾದಿಂದಲೇ ಶುರು ಮಾಡೋಣ.

1948ರ ಸೆಪ್ಟೆಂಬರ್‌ವರೆಗೆ ನರೋಣಾ ಇದ್ದದ್ದು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ. ಆ ಸಂಸ್ಥಾನ ಫಸಲಿ 1329ರಲ್ಲಿ, ಅಂದರೆ 1919ರಲ್ಲಿ, ಹಿಜಡಾಗಳ ಹೆಸರು ಬರೆದಿಡಲು ಒಂದು ಕಾಯ್ದೆ ತಂದಿತು. ಯಾರ ಹೆಸರು? ಹುಡುಗರನ್ನು ಅಪಹರಿಸುತ್ತಾರೆ, ಇಲ್ಲವೇ ‘ಅನೈಸರ್ಗಿಕ ಅಪರಾಧ’ ಮಾಡುತ್ತಾರೆ ಎಂದು ಸಂಶಯ ಬಂದವರದು. ಸಂಶಯ ಸಾಕು, ಸಾಬೀತು ಬೇಡ! ನಿಜಾಮರ ಸ್ವಂತ ಬುದ್ಧಿಯೂ ಅಲ್ಲ ಇದು. ಬ್ರಿಟಿಷರು 1871ರ ಅಪರಾಧಿ ಬುಡಕಟ್ಟು ಕಾಯ್ದೆಯಲ್ಲಿ ಬರೆದಿದ್ದರ ನಕಲು. ‘ಅನೈಸರ್ಗಿಕ’ ಎಂಬ ಪದ 1860ರ ದಂಡ ಸಂಹಿತೆಯ 377ನೇ ಸೆಕ್ಷನ್‌ನದು. ಇದನ್ನೇ ಈಗ ನಾವು ನಮ್ಮ ಸಂಸ್ಕೃತಿ ಅಂತೀವಿ.

ನಿಜಾಮರು ಹೋದರು, ರಿಜಿಸ್ಟರು ಹೋಗಲಿಲ್ಲ. 2011ರಲ್ಲಿ ನಮ್ಮದೇ ಸರ್ಕಾರ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಸೇರಿಸಿತು. ಅದೇ ಪಟ್ಟಿ, ಅದೇ ಅಪಹರಣದ ಸಂಶಯ, ಅದೇ ‘ಅನೈಸರ್ಗಿಕ’. ಲೈಂಗಿಕ ಅಲ್ಪಸಂಖ್ಯಾತರ ಸಂಘಟನೆ ಹೈಕೋರ್ಟಿಗೆ ಹೋದ ಮೇಲೆ, 2016ರಲ್ಲಿ ಅವರನ್ನು ಹೆಸರಿಸುತ್ತಿದ್ದ ಪದ ತೆಗೆದು ‘ವ್ಯಕ್ತಿಗಳು’ ಎಂದು ಹಾಕಿದರು. ಹೈದರಾಬಾದಿನ ಮೂಲ ಕಾಯ್ದೆಯನ್ನು ತೆಲಂಗಾಣ ಹೈಕೋರ್ಟ್ ರದ್ದು ಮಾಡಿದ್ದು 2023ರಲ್ಲಿ, ನೂರು ವರ್ಷ ದಾಟಿದ ಮೇಲೆ.

ನಡುವೆ 2018ರ ಸೆಪ್ಟೆಂಬರ್ 6 ಬಂತು. ವಯಸ್ಕರ ಒಪ್ಪಿತ ಸಂಬಂಧ ಅಪರಾಧವಲ್ಲ ಎಂದಿತು ಸುಪ್ರೀಂ ಕೋರ್ಟ್. ಈ ಜನರಿಗೆ ಇತಿಹಾಸ ಕ್ಷಮೆ ಕೇಳಬೇಕಿದೆ ಎಂದು ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಬರೆದರು. ಒಳ್ಳೆಯದು. ಆದರೆ ಜೈಲಿಗೆ ಹಾಕಲ್ಲ ಅನ್ನೋದು ಸಮಾನ ಹಕ್ಕು ಆಗುತ್ತಾ?

ಕಲಬುರಗಿ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ದಿನವೇ ಕಾಗದದ ಮೇಲೆ ಸಮಾನರಾದರು. ನೌಕರಿ, ಸೀಟುಗಳಲ್ಲಿ ಪಾಲು ಸಿಗಲು 371ಜೆ ಬೇಕಾಯಿತು, ಅದು ಬಂದದ್ದು 2013ರಲ್ಲಿ. ಅವರು ಯಾರ ಕನಿಕರವನ್ನೂ ಬೇಡಲಿಲ್ಲ, ಪಾಲು ಕೇಳಿದರು.

ಸಲಿಂಗಿಗಳು ಕೇಳ್ತಿರೋದೂ ಅಷ್ಟೇ. ಮದುವೆಯ ಹಕ್ಕು ಕೊಡುವುದು ತನ್ನ ಕೆಲಸವಲ್ಲ, ಸಂಸತ್ತಿನದು ಎಂದು 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮರುವರ್ಷ ಆಗಸ್ಟ್‌ನಲ್ಲಿ, ಅವರು ಜಂಟಿ ಬ್ಯಾಂಕ್ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲ ಎಂದು ಕೇಂದ್ರ ಹಣಕಾಸು ಇಲಾಖೆ ತಿಳಿಸಿತು. ಖಾತೆ ಸಿಕ್ಕಿತು. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿ ಬಾಳಿದ ಇಬ್ಬರಲ್ಲಿ ಒಬ್ಬರು ತೀರಿಕೊಂಡರೆ, ಉಳಿದವರಿಗೆ ಕುಟುಂಬ ಪಿಂಚಣಿ ಇವತ್ತಿಗೂ ಇಲ್ಲ.